ಮೊಗಲಾಯಿಯ ಕರಡಿಗೆ ನಾಲ್ಕು ತಿಂಗಳ ಸೂಟಿ

ಗದಗು

ನಾನು ಪರದೇಶಕ್ಕೆ ಹೋಗಿಬಂದೆ ಎಂದರೆ ನಮ್ಮ ಓಣಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಹಡಗು ಹತ್ತಿದವರಿಗೆ ಮಾತ್ರ ಪರದೇಶವೇ? ಗದಗಿನಲ್ಲಿ ಬೆಳಗಿನ ರೈಲು ಹತ್ತಿದವನು ಬುತ್ತಿಯ ಗಂಟು ಬಿಚ್ಚುವುದರೊಳಗೆ ಬೇರೊಬ್ಬ ದೊರೆಯ ನೆಲದಲ್ಲಿದ್ದೆ. ಅಲ್ಲಿ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ತಿಂಗಳುಗಳ ಹೆಸರು ಕೂಡ ಬೇರೆ. ನಾವು ಧಾರವಾಡ ಜಿಲ್ಲೆಯವರು ನಿಜಾಮರ ಆ ಸೀಮೆಯನ್ನು ಮೊಗಲಾಯಿ ಎನ್ನುತ್ತೇವೆ. ನನ್ನ ತಂಗಿ ಗೌರವ್ವನನ್ನು ಕೊಪ್ಪಳದ ಆಚೆ, ಹಿಟ್ನಾಳದ ಹತ್ತಿರದ ಒಂದು ಹಳ್ಳಿಗೆ ಕೊಟ್ಟು ಆರು ವರ್ಷವಾಗಿತ್ತು. ನಾನು ಒಮ್ಮೆಯೂ ಹೋಗಿರಲಿಲ್ಲ. ಅಣ್ಣ ಎನ್ನಿಸಿಕೊಳ್ಳಲು ನಾಚಿಕೆಯಾಗಬೇಕು, ಆಗುತ್ತಲೂ ಇತ್ತು.

ಯುದ್ಧದ ಕಾಲ. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ಸೂಟಿ ಹತ್ತಿರ ಬಂದಾಗ ಭರಮಪ್ಪನ ಕಾಗದ ಬಂತು. ಭರಮಪ್ಪನೆಂದರೆ ಗೌರವ್ವನ ಗಂಡ; ಹೊಲದಲ್ಲಿ ಒಕ್ಕಲಿಗ, ಗುಡ್ಡದಲ್ಲಿ ಬೇಟೆಗಾರ. ಯಾರಿಂದಲೋ ಬರೆಸಿದ್ದ. ಕರಡಿ ಬೇಟೆಯನ್ನು ವರ್ಷಕ್ಕೆ ನಾಲ್ಕು ತಿಂಗಳು ಬಂದ್ ಮಾಡಬೇಕೆಂದು ಸರಕಾರ ಯೋಚಿಸಿದೆಯಂತೆ. ಬೇಟೆಗಾರರ ಅಭಿಪ್ರಾಯ ಕೇಳಲು ಗಂಗಾವತಿಯಲ್ಲಿ ಸಭೆ ಕರೆದಿದ್ದಾರಂತೆ. 'ಮಾಸ್ತರ್ರ, ನೀವು ಬಂದು ಅರ್ಜಿ ಬರದು ಕೊಡಬೇಕು. ಓದಿದವರ ಕಣ್ಣಾಗ ನೀರ ಬರಬೇಕು.'

ಹದಿನಾಲ್ಕು ವರ್ಷ ಮಕ್ಕಳ ಪ್ರಬಂಧ ತಿದ್ದಿದವನಿಗೆ ಇಂಥ ಕರೆ ಬಂದರೆ ಹೇಗಾಗಬೇಡ! ಒಂದು ದಸ್ತೆ ಕಾಗದ, ಎರಡು ದೌತಿ ಮಸಿ, ತಂಗಿಗೆ ಇಳಕಲ್ ಸೀರೆ, ಧಾರವಾಡದ ಪೇಡೆ ಕಟ್ಟಿಕೊಂಡು ಹೊರಟೇಬಿಟ್ಟೆ.

ಕೊಪ್ಪಳ

ಕೊಪ್ಪಳದ ನಿಲ್ದಾಣದಲ್ಲಿ ಇಳಿದವರ ಗಂಟುಮೂಟೆ ತಪಾಸಣೆಯಾಗುತ್ತದೆ. ಸುಂಕದ ಜವಾನ ನನ್ನ ಚೀಲದಲ್ಲಿ ಕೈಯಾಡಿಸಿ ಸೀರೆ ಬಿಟ್ಟ, ಪೇಡೆ ಬಿಟ್ಟ, ಕಾಗದದ ದಸ್ತೆ ಹಿಡಿದ.

"ಇದೇನ್ರಿ?"

"ಕಾಗದರಿ."

"ಕಾಗದ ಅನ್ನೂದು ನನಗೂ ಕಾಣತೈತಿ. ಇಷ್ಟ ಖಾಲಿ ಕಾಗದ ಯಾಕ ತಂದೀರಿ? ಏನ ಬರೀತೀರಿ ಇದರಾಗ?"

ಗುಟ್ಟಾಗಿ ಕರಪತ್ರ ಹಂಚುವ ಆ ದಿನಗಳಲ್ಲಿ ಬರೆದ ಕಾಗದಕ್ಕಿಂತ ಬರೆಯದ ಕಾಗದದ ಮೇಲೆಯೇ ಅನುಮಾನ ಹೆಚ್ಚು. "ಕರಡಿ ಬಗ್ಗೆ ಬರೀತೀನ್ರಿ" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏ ಖಾಸೀಂ, ಇಲ್ಲಿ ಬಾ! ಇವ್ರು ಕರಡಿ ಮ್ಯಾಲ ಬರಿಯಾಕ ಬಂದಾರ" ಎಂದು ಜೊತೆಗಾರನನ್ನು ಕೂಗಿದ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಬಂದ ಖಾಸೀಂ ನನ್ನನ್ನು ಬಿಟ್ಟು, ಹಳೆಯ ವಾದ ನೆನಪಾದವನಂತೆ ಆ ಜವಾನನ ಮೇಲೆಯೇ ಏರಿಹೋದ. "ಬೇಟಿ ಬಂದ್ ಮಾಡಂಗಿಲ್ಲ! ನಮ್ಮ ಮಾವಂದು ಒಂದ ಎಕರೆ ಶೇಂಗಾ ತಿಂದೈತಿ." ಇವನು ಬಿಡಲಿಲ್ಲ: "ನಿಮ್ಮ ಮಾವ ಗವಿ ಮುಂದ ಶೇಂಗಾ ಬಿತ್ತಿದ್ರ ಕರಡಿ ಉಪಾಸ ಮಾಡತೈತೇನು?" ಇಬ್ಬರೂ ನನ್ನ ಪೇಡೆ ತಿನ್ನುತ್ತ ವಾದ ಮಾಡಿದರು. ನಾನೂ ಹುರುಪಿನಿಂದ ನಡುವೆ ಬಾಯಿ ಹಾಕಿದೆ. ವಾದ ಮುಗಿಯುವುದರೊಳಗೆ ರೈಲು ಹೊರಟುಹೋಯಿತು. ಅದರಲ್ಲೇ ಉಳಿದಿದ್ದ ನನ್ನ ಹಾಸಿಗೆಯ ಸುರುಳಿಯೂ ಹೊಸಪೇಟೆಗೆ ಹೊರಟುಹೋಯಿತು. ಪರದೇಶದಲ್ಲಿ ಕಾಲಿಟ್ಟ ಅರ್ಧ ಗಂಟೆಯಲ್ಲಿ ನನಗೆ ಹಾಸಲಿಕ್ಕಿಲ್ಲ, ಹೊದೆಯಲಿಕ್ಕಿಲ್ಲ. ಆದರೂ ಖುಷಿಯೋ ಖುಷಿ! ಇಡೀ ರಾಜ್ಯವೇ ಕರಡಿಯ ಮಾತಾಡುತ್ತಿತ್ತು, ಅದರ ಅರ್ಜಿ ಬರೆಯುವವನು ನಾನು.

ಹಿಟ್ನಾಳದ ದಾರಿ

ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲವದು. ಹಿಂದೆ ಕಟ್ಟಿದ ಒಲೆಗೆ ಕ್ಲೀನರ್ ಇದ್ದಿಲು ಸುರಿದು ತಿದಿಯೊತ್ತುತ್ತಿದ್ದ. ಇಳಿಜಾರಿನಲ್ಲಿ ಬಸ್ಸು ನಮ್ಮನ್ನು ಹೊತ್ತಿತು, ಏರು ಬಂದಲ್ಲೆಲ್ಲ ನಾವು ಬಸ್ಸನ್ನು ನೂಕಿದೆವು. ನಮ್ಮ ಕಡೆಯಾದರೆ ಇಷ್ಟಕ್ಕೆ ಕಂಡಕ್ಟರನ ಕೂಡ ಜಗಳವಾಗುತ್ತಿತ್ತು. ಇಲ್ಲಿನವರು ತಲೆಗೆ ರುಮಾಲು ಬಿಗಿದು, "ಹೂಂ, ಇಳೀರಿ, ಬಂತ ನಮ್ಮ ಪಾಳಿ" ಎಂದು ನಗುತ್ತ ಇಳಿಯುತ್ತಿದ್ದರು. ಹಿಟ್ನಾಳ ಮುಟ್ಟುವಾಗ ನನ್ನ ಬಿಳಿ ಕೋಟು ಕಪ್ಪಾಗಿತ್ತು. ಕರೆಯಲು ಬಂದಿದ್ದ ಭರಮಪ್ಪ ನನ್ನನ್ನು ದಾಟಿಕೊಂಡು ಎರಡು ಸಲ ಓಡಾಡಿ, ಮೂರನೆಯ ಸಲಕ್ಕೆ ಗುರುತು ಹಿಡಿದ.

"ಮಾಸ್ತರ್ರ! ನಾ ಯಾರೋ ಕರಡಿ ಕುಣಸಾವ ಬಂದಾನ ಅಂದ್ಕೊಂಡೆ."

ಗುಡ್ಡದ ಬುಡದ ಮನೆ

ಗುಂಡುಕಲ್ಲುಗಳನ್ನು ಯಾರೋ ಬುಟ್ಟಿಯಿಂದ ಸುರಿದಂತಿದ್ದ ಗುಡ್ಡ. ಅದರ ಬುಡದಲ್ಲಿ ಮೂವತ್ತು ಮನೆ. ಮನೆಗಳ ಹಿಂದೆ ಬಾವಿ ನೀರಿನ ಗೆಣಸಿನ ಹೊಲಗಳು. ಕಲ್ಲುಗಳ ಸಂದಿಯೆಲ್ಲ ಗವಿ. ಗವಿಯಲ್ಲಿ ಕರಡಿ. ಕೆಳಗೆ ಗೆಣಸು, ಮೇಲೆ ಕರಡಿ, ನಡುವೆ ನನ್ನ ತಂಗಿಯ ಸಂಸಾರ.

ಗೌರವ್ವ ನನ್ನ ಕಾಲಿಗೆ ನೀರು ಕೊಟ್ಟು ಅತ್ತಳು, ಸೀರೆ ನೋಡಿ ನಕ್ಕಳು. ಬಡವಾಗಿದ್ದಳು. ಕಣ್ಣ ಕೆಳಗೆ ಕಪ್ಪು ಹತ್ತಿತ್ತು. ಕಟಕ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ ಉಂಡು ಪಡಸಾಲೆಯಲ್ಲಿ ಕಾಗದ ಹರಡಿ ಕುಳಿತೆ. ಊರಿನ ಬೇಟೆಗಾರರೆಲ್ಲ ಸುತ್ತ ನೆರೆದರು. ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳು ಗೋಡೆಗೆ ಒರಗಿದ್ದವು. ಸರಕಾರದ ಕಾಗದದಲ್ಲಿ 'ದೈ ತಿಂಗಳಿಂದ ಫರವರ್ದಿ ಮುಗಿಯುವವರೆಗೆ' ಎಂದಿತ್ತು. ಸರಕಾರದ ಆ ತಿಂಗಳುಗಳು ಯಾರಿಗೂ ತಿಳಿಯಲಿಲ್ಲ. ಹಳೆಯ ಕಂದಾಯದ ರಸೀದಿ ಹಿಡಿದು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ದೀಪಾವಳಿಯಿಂದ ಹೋಳಿಹುಣ್ಣಿಮೆಯವರೆಗೆ.

"ಅಂದ್ರ ಗೆಣಸು ಬಲಿಯೂ ಹೊತ್ತಿಗೆ ಬಂದೂಕ ಮೂಲಿಗೆ, ಗೆಣಸ ಕಿತ್ತ ಮ್ಯಾಲ ಬಂದೂಕ ಕೈಗೆ" ಎಂದ ಭರಮಪ್ಪ. "ಛಲೋ ಕಾನೂನ! ಕಳ್ಳ ಹೋದ ಮ್ಯಾಲ ಬಾಗಲಾ ಹಾಕೂದು!"

ಅವನ ಸಿಟ್ಟು ನನಗೂ ತಗಲಿತು. ಬರೆದೆ ನೋಡಿ! ರೈತನ ಬೆವರು, ಕರಡಿಯ ಉಗುರು, ಪ್ರಭುಗಳ ಕರುಣೆ, ಒಂದೊಂದಕ್ಕೂ ಎರಡೆರಡು ಪುಟ. ಪೀಠಿಕೆ, ಮುಕ್ತಾಯ ಸೇರಿ ಎಂಟು ಪುಟವಾಯಿತು. ಓದಿ ಹೇಳಿದಾಗ ಒಬ್ಬ ಮುದುಕ ಮೂಗು ಒರೆಸಿಕೊಂಡ. ಹೆಮ್ಮೆಯಿಂದ ನನಗೆ ನೆಲ ಕಾಣಲಿಲ್ಲ.

ಎಲ್ಲರೂ ಎದ್ದುಹೋದ ಮೇಲೆ ಗೌರವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಅಣ್ಣಾ, ನೀ ಬರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಗಟ್ಟಿಯಾಗಿ ಬರೀಬ್ಯಾಡ."

"ಯಾಕವ್ವಾ?"

"ಈ ಕಾನೂನ ಬರ್ಲಿ ಅಂತ ನಾ ದಿನಾ ದೇವರಿಗೆ ಕೈ ಮುಗೀತೀನಿ. ಗೆಣಸ ಹೋದ್ರ ಮತ್ತ ಹಾಕಬಹುದು. ಅವರು ಹೋದ್ರ?"

ಅವಳು ಹೇಳಿದ ಮೇಲೆ ನನಗೆ ತಿಳಿದದ್ದು ಇಷ್ಟು: ಆ ಊರಿನಲ್ಲಿ ಬೇಟೆಗೆ ಹೋದವನ ಬಂದೂಕು ಹೊಸ್ತಿಲು ದಾಟಿತೆಂದರೆ, ಅದು ಮರಳಿ ಬರುವತನಕ ಅವನ ಹೆಂಡತಿ ಹೊಸ್ತಿಲು ದಾಟುವಂತಿಲ್ಲ, ತಲೆ ಬಾಚುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಮನೆಯ ಬೆಂಕಿ ಎದ್ದರೆ ಬಂದೂಕಿನ ಬೆಂಕಿ ಮಲಗುತ್ತದೆ ಎಂಬ ನಂಬಿಕೆ. ಚಳಿಗಾಲ ಪೂರ್ತಿ ಭರಮಪ್ಪ ಬೆಳಗಿನ ನಸುಕಿನಲ್ಲಿ ಗುಡ್ಡ ಹತ್ತುತ್ತಿದ್ದ. ಗೌರವ್ವ ಕೂದಲು ಕೆದರಿಕೊಂಡು, ತಣ್ಣಗಿನ ಒಲೆಯ ಮುಂದೆ ಕಿವಿಯಷ್ಟೇ ಆಗಿ ಕೂಡುತ್ತಿದ್ದಳು. ಆರು ಚಳಿಗಾಲ ಹೀಗೆಯೇ ಕಳೆದಿದ್ದಳು. ನನಗೆ ನನ್ನ ಎಂಟು ಪುಟಗಳ ಮೇಲೆ ಮೊದಲ ಸಲ ಬೇಸರ ಬಂತು.

ಎಳ್ಳಮಾವಾಸ್ಯೆಯ ಮರುದಿನ

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂತಾಯಿಗೆ ಚರಗದ ನೈವೇದ್ಯ ಚೆಲ್ಲಿ, ಸಜ್ಜೆ ಕಡುಬು ಹೊಟ್ಟೆ ಬಿರಿಯುವಂತೆ ಉಂಡೆವು. ಮರುದಿನ ಎದ್ದಾಗ ಭರಮಪ್ಪನೂ ಇರಲಿಲ್ಲ, ಬಂದೂಕೂ ಇರಲಿಲ್ಲ. ಗೌರವ್ವ ಗೋಡೆಗೆ ಒರಗಿ ಕುಳಿತಿದ್ದಳು. ಬಿಸಿಲು ಅಂಗಳಕ್ಕೆ ಬಂತು, ಕಟ್ಟೆಗೆ ಬಂತು. ಚಹಾ ಇಲ್ಲ.

ನಾನು ಚಹಾ ಕುಡಿಯದೆ ಮನುಷ್ಯನಾಗುವವನಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ನಿಯಮ ಇರುವುದು ಹೆಂಡತಿಗೆ ತಾನೆ? ಹೆಂಡತಿಯ ಅಣ್ಣನಿಗೆ ಎಲ್ಲಿದೆ? ಗೌರವ್ವ ಒಂದಿಷ್ಟು ಕಣ್ಣು ಮುಚ್ಚಿದ್ದಾಗ ಸದ್ದಿಲ್ಲದೆ ಒಲೆಗೆ ಎರಡು ಕಟ್ಟಿಗೆ ಇಟ್ಟು ಕಡ್ಡಿ ಗೀರಿದೆ.

"ಅಣ್ಣಾ!"

ಅವಳು ಹಾರಿ ಬಂದು ಬರಿಗೈಯಲ್ಲಿ ಆ ಕಡ್ಡಿಯನ್ನು ಹಿಂಡಿದಳು. ಅಂಗೈ ಸುಟ್ಟಿತು. ಅದರ ಕಡೆ ನೋಡದೆ ಗುಡ್ಡದ ಕಡೆ ಕಿವಿಯಿಟ್ಟಳು. ನಾನು ಓದಿದವನು, ಇಂಥದನ್ನೆಲ್ಲ ನಂಬುವವನಲ್ಲ. ಆದರೂ ಅವಳ ಮುಖ ನೋಡಿ ಕಡ್ಡಿಪೆಟ್ಟಿಗೆಯನ್ನು ಕಿಸೆಯಲ್ಲಿ ಅಡಗಿಸಿದೆ.

ಭರಮಪ್ಪ ಬಂದದ್ದು ಹೊತ್ತು ಮಾರುದ್ದ ಏರಿದ ಮೇಲೆ. ಧೋತರ ಮೊಳಕಾಲಿನಿಂದ ಕೆಳಗೆ ಚಿಂದಿಯಾಗಿತ್ತು. "ಏನೂ ಸಿಗಲಿಲ್ಲ. ಜಾಲಿ ಮುಳ್ಳಿಗೆ ಸಿಕ್ಕಿದ್ದೆ" ಎಂದ. ಗೌರವ್ವ ಬಂದೂಕಿಗೆ ನಮಸ್ಕಾರ ಮಾಡಿ ಒಲೆ ಹೊತ್ತಿಸಿದಳು. ಆಮೇಲೆ ಬಾವಿಯ ಹತ್ತಿರ ಅವನು ನನ್ನ ತೋಳು ಹಿಡಿದ.

"ಮಾಸ್ತರ್ರ, ಆಕಿ ಮುಂದ ಹೇಳಬ್ಯಾಡ್ರಿ. ಕರಡಿ ಹತ್ತ ಹೆಜ್ಜಿ ಮ್ಯಾಲ ಬಂತು. ಬೆನ್ನ ಮ್ಯಾಲ ಎರಡ ಮರಿ ಇದ್ದದ್ದ ನಾ ಮೊದ್ಲ ನೋಡಲಿಲ್ಲ. ಬಂದೂಕಿನ ಕುದುರಿ ಎಳದೆ. ಬಂದೂಕ ಹಾರಲಿಲ್ಲ. ಮೈಮ್ಯಾಲ ಬಂದು ಧೋತರಕ್ಕ ಉಗುರ ಹಾಕ್ತು. ಅಷ್ಟರಾಗ ಒಂದ ಮರಿ ಜಾರಿ ಬಿದ್ದು ಕಿರ್ ಅಂತು. ಆ ತಾಯಿ ನನ್ನ ಬಿಟ್ಟು ಮರಿ ಕಡೆ ಹೊಳ್ಳಿದ್ಲು. ಇಲ್ಲಂದ್ರ ನಿಮ್ಮ ತಂಗಿ..."

ನಾನು ಕಡ್ಡಿ ಗೀರಿದ್ದನ್ನು ಹೇಳಿಬಿಟ್ಟೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಚಿಂದಿಯಾದ ಧೋತರದ ಅಂಚು ನೋಡಿಕೊಳ್ಳುತ್ತ, "ಹಾರಿದ್ರ ತಾಯಿ ಸಾಯ್ತಿತ್ತು. ಇಲ್ಲಾ ಗಾಯಾಗಿ ನನ್ನ ಕೊಲ್ಲತಿತ್ತು. ನಿಮ್ಮ ಕಡ್ಡಿ ಯಾರನ್ನ ಉಳಸ್ತು ಅಂತ ನನಗ ತಿಳೀವಲ್ದು" ಎಂದ. ನನಗೂ ಇನ್ನೂ ತಿಳಿದಿಲ್ಲ.

ಗಂಗಾವತಿ

ಸಭೆಯ ದಿನ ಗಂಗಾವತಿಯ ಕಚೇರಿಯ ಮುಂದೆ ಜಾತ್ರೆಗಿಂತ ಹೆಚ್ಚಿನ ಗದ್ದಲ. ಹುಣಸೆಮರಕ್ಕೆ ಎಪ್ಪತ್ತು ಎಂಬತ್ತು ಬಂದೂಕು ಒರಗಿಸಿ ಒಬ್ಬ ಪೊಲೀಸನನ್ನು ಕಾವಲಿಟ್ಟಿದ್ದರು. ಕೊಪ್ಪಳದವರು, ಕುಷ್ಟಗಿಯವರು, ಹೊಳೆಸಾಲಿನವರು, ಎಲ್ಲರದೂ ಒಮ್ಮೆಗೇ ಮಾತು.

ಅಷ್ಟರಲ್ಲಿ ತಿಳಿದದ್ದು, ಅರ್ಜಿ ಉರ್ದುವಿನಲ್ಲಿ ಇರಬೇಕು! ಕಚೇರಿಯ ಕಟ್ಟೆಯ ಮೇಲೆ ಕೂಡುವ ಅರ್ಜಿ ಬರೆಯುವ ಮುದುಕ ನನ್ನ ಎಂಟು ಪುಟಗಳನ್ನು ತಾಳ್ಮೆಯಿಂದ ಓದಿಸಿ ಕೇಳಿದ. ತಲೆದೂಗಿದ. ಆಮೇಲೆ ಬಲದಿಂದ ಎಡಕ್ಕೆ ಮೂರು ಸಾಲು ಗೀಚಿ, ಮರಳು ಉದುರಿಸಿ, "ಎಲ್ಲಾ ಬಂತ್ರಿ ಇದರಾಗ" ಎಂದ. ರೈತನ ಬೆವರು ಯಾವ ಸಾಲಿನಲ್ಲಿದೆ ಎಂದು ಕೇಳಿದೆ. "ಅದು ಸಾಹೇಬರಿಗೆ ಗೊತ್ತಿರ್ತೈತಿ" ಎಂದ. ಊರಿನ ನಲವತ್ತು ಜನರ ಹೆಬ್ಬೆಟ್ಟು ಆ ಮೂರು ಸಾಲಿನ ಕೆಳಗೆ ಬಿದ್ದವು.

ಸಭೆ ನಡೆಸಿದ ಕಚೇರಿಯ ಅಧಿಕಾರಿ ಪೇಶ್ಕಾರ ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಮೆತ್ತನೆಯ ಮಾತು. "ಕೂಡ್ರಿ, ಕೂಡ್ರಿ. ಎಲ್ಲಾರ ಮಾತೂ ಬರ್ಕೋತೀನಿ" ಎಂದರು. ಮೊದಲು ಎದ್ದವನು ಕುಷ್ಟಗಿಯ ಕಡೆಯ ಎತ್ತರದ ಆಳು. "ಸರ್ಕಾರದ ತಿಂಗಳ ನಮಗ ಗೊತ್ತಿಲ್ಲ, ಇನ್ನ ಕರಡಿಗೆ ಗೊತ್ತೇನ್ರಿ? ದೈ ಬಂತು, ಇನ್ನ ಹೊಲಕ್ಕ ಹೋಗಬಾರದು ಅಂತ ಅದಕ್ಕ ಯಾರ ಡಂಗುರಾ ಸಾರವ್ರು?" ಸಭೆಯೆಲ್ಲ ನಕ್ಕಿತು. ಆಮೇಲೆ ಯಲಬುರ್ಗಾ ತಾಲೂಕಿನ ಮಂಗಳೂರಿನಿಂದ ಬಂದವನೊಬ್ಬ ಎದ್ದು ಎಲ್ಲರಿಗಿಂತ ಹೆಚ್ಚು ಹೊತ್ತು, ಎಲ್ಲರಿಗಿಂತ ಜೋರಾಗಿ ವಿರೋಧಿಸಿದ. ಪೇಶ್ಕಾರರು, "ನಿಮ್ಮ ಕಡೆ ಎಷ್ಟ ಕರಡಿ ಅದಾವ?" ಎಂದರು.

"ನಮ್ಮದು ಎರಿ ಸೀಮಿ ಸಾಹೇಬ್ರ. ಕರಡಿ ಅಡಗಾಕ ಒಂದ ಕಲ್ಲ ಇಲ್ಲ. ಒಂದೂ ಇಲ್ಲ."

"ಮತ್ತ ವಿರೋಧ ಯಾಕ?"

"ನಾಳಿ ಬಂದ್ರ?"

ನಗೆ ಇಳಿಯುವ ಮುಂಚೆ ಹಿಂದಿನಿಂದ ಒಬ್ಬ ಮುದುಕ ಎದ್ದ. ಮುಖಕ್ಕೆ ಅರಿವೆ ಸುತ್ತಿಕೊಂಡಿದ್ದ, ಒಂದು ಕಣ್ಣಷ್ಟೇ ಕಾಣುತ್ತಿತ್ತು. ಹನುಮಂತಜ್ಜ ಎಂದು ಭರಮಪ್ಪ ಪಿಸುಗುಟ್ಟಿದ. ಆ ಗುಡ್ಡಗಳಲ್ಲಿ ಅವನಷ್ಟು ಕರಡಿ ಹೊಡೆದವರು ಇರಲಿಲ್ಲವಂತೆ. ಮುದುಕ ಅರಿವೆ ಬಿಚ್ಚಿದ. ನಾನು ಮುಖ ತಿರುಗಿಸಿದೆ. ಮೂಗಿರಲಿಲ್ಲ, ತುಟಿ ಅರ್ಧ ಇತ್ತು. ಮಾತು ನಿಧಾನವಾಗಿ ಬಂತು.

"ನನಗ ಇದ ಆಗಿದ್ದು ಬನದ ಹುಣ್ಣಿಮಿ ಮುಂದ. ಗವಿ ಬಾಯಾಗ. ಒಳಗ ಮರಿ ಇದ್ವು. ತಪ್ಪ ಆಕಿದಲ್ಲ, ನಂದು. ಇಲ್ಲಿ ಕರಡಿ ಕೈಯಾಗ ಸಿಕ್ಕವ್ರು ಎಷ್ಟ ಮಂದಿ ಅದೀರಿ? ಏಳ್ರಿ. ತಿಂಗಳ ಹೇಳ್ರಿ."

ಮೊದಲು ಯಾರೂ ಏಳಲಿಲ್ಲ. ಕರಡಿಗೆ ಸಿಕ್ಕಿದ್ದನ್ನು ಹೇಳಿಕೊಳ್ಳುವುದು ಬೇಟೆಗಾರನಿಗೆ ಅವಮಾನ. ಆಮೇಲೆ ಆ ಕುಷ್ಟಗಿಯ ಎತ್ತರದ ಆಳೇ ಎದ್ದು ಎರಡು ಬೆರಳಿಲ್ಲದ ಕೈ ಎತ್ತಿದ. "ಗೌರಿ ಹುಣ್ಣಿಮಿ." ಇನ್ನೊಬ್ಬ ಎದ್ದ. "ಛಟ್ಟಿ ಅಮಾಸಿ." ಮತ್ತೊಬ್ಬ, "ಅವರಾತ್ರಿ ಅಮಾಸಿ." "ನಮ್ಮಣ್ಣ, ಭಾರತ ಹುಣ್ಣಿಮಿ. ಅವ ಇಲ್ಲ ಈಗ." ಒಬ್ಬನೇ ಒಬ್ಬ "ಬ್ಯಾಸಗಿ" ಎಂದ. ಪಕ್ಕದವನು, "ಸಾಹೇಬ್ರ, ಅದನ್ನ ಬರ್ಕೋಬ್ಯಾಡ್ರಿ, ಇವ ಕುಡದು ಅದರ ಮ್ಯಾಲ ಬಿದ್ದಿದ್ದ" ಎಂದ. ಪೇಶ್ಕಾರರು ಪ್ರತಿಯೊಂದು ಹುಣ್ಣಿಮೆ ಅಮಾವಾಸ್ಯೆಯನ್ನೂ ತಮ್ಮ ತಿಂಗಳಿಗೆ ತಂದು ಬರೆದುಕೊಳ್ಳುತ್ತಿದ್ದರು. ಬೇಸಿಗೆಯ ಕುಡುಕನನ್ನು ಬಿಟ್ಟರೆ ಎಲ್ಲವೂ ಆ ನಾಲ್ಕು ತಿಂಗಳಲ್ಲೇ ಬಿದ್ದವು.

ನನ್ನ ಪಕ್ಕ ಜಾಗ ಖಾಲಿಯಾಯಿತು. ಭರಮಪ್ಪ ಎದ್ದು ನಿಂತಿದ್ದ, ಕೈಯಲ್ಲಿ ನಲವತ್ತು ಹೆಬ್ಬೆಟ್ಟಿನ ಅರ್ಜಿ.

"ನಂದು ಮೊನ್ನೆ. ಎಳ್ಳಮಾಸಿ ಮರುದಿನ. ಉಳದ ಬಂದೀನಿ" ಎಂದ. ಊರವರೆಲ್ಲ ಅವನನ್ನೇ ನೋಡಿದರು. "ಸಾಹೇಬ್ರ, ಈ ಅರ್ಜಿ ತಗೋರಿ. ಕಾನೂನ ಬ್ಯಾಡ ಅಂತ ಬರದೈತಿ, ಬ್ಯಾಡ ಅಂದ್ರ ಬ್ಯಾಡ. ನಮ್ಮ ಗುಡ್ಡದಾಗ ಹ್ಯಾಂಗ ಇರಬೇಕು ಅಂತ ಹೈದರಾಬಾದದವ್ರು ಹೇಳೂದು ಬ್ಯಾಡ. ನಾವ ಹೇಳ್ತೀವಿ. ಮರಿ ಬೆನ್ನಿಂದ ಇಳಿಯೂ ತನಕ ನನ್ನ ಬಂದೂಕ ಏಳಂಗಿಲ್ಲ."

ಹುಣಸೆಮರದ ಹತ್ತಿರ ಹೋಗಿ ತನ್ನ ಬಂದೂಕು ಹುಡುಕಿದ. ತಲೆಯ ರುಮಾಲು ಹರಿದು ಅದರ ಗುಂಡು ಹಾರಿಸುವ ಕುದುರೆಗೆ ಬಿಗಿಯಾಗಿ ಸುತ್ತಿ ಮೂರು ಗಂಟು ಹಾಕಿದ. ಕಾವಲಿನ ಪೊಲೀಸ ಬಾಯಿ ತೆರೆದುಕೊಂಡು ನೋಡಿದ. ಹನುಮಂತಜ್ಜ ಅಲ್ಲೇ ನಿಂತು ತನ್ನ ಮುಖದ ಅರಿವೆಯನ್ನು ಹರಿದು ಇನ್ನೊಬ್ಬನಿಗೆ ಕೊಟ್ಟ. ಅವನು ಕಟ್ಟಿದ. ಮತ್ತೊಬ್ಬ ಕಟ್ಟಿದ. ಹೊಳೆಸಾಲಿನ ಕೆಲವರು ಗೊಣಗುತ್ತ ಕಟ್ಟದೆಯೇ ಉಳಿದರು, ಅದನ್ನೂ ಹೇಳಬೇಕು. ಕರಡಿಯಿಲ್ಲದ ಮಂಗಳೂರಿನವನು ಮಾತ್ರ ತನ್ನ ಬಂದೂಕಿಗೆ ಎರಡು ರುಮಾಲು ಸುತ್ತಿದ.

ಪೇಶ್ಕಾರರು ಲೇಖನಿ ಹಿಡಿದು ಕಂಗಾಲಾಗಿ ಕುಳಿತಿದ್ದರು. "ಅಲ್ರಿ, ನಾ ಏನಂತ ಬರೀಲಿ? ಒಪ್ಪಿಗಿನೋ, ವಿರೋಧನೋ?"

"ವಿರೋಧ ಬರ್ಕೊಳ್ರಿ" ಎಂದ ಭರಮಪ್ಪ. "ಆದ್ರ ಬಂದೂಕ ಕಟ್ಟೀವಿ."

ಸಾಹೇಬರು ಗಡ್ಡ ನೀವಿಕೊಂಡು ನಕ್ಕರು, ಹಾಗೆಯೇ ಬರೆದರು. ನಾನು ಎಂಥೆಂಥ ಸಭೆ ನೋಡಿದ್ದೇನೆ, ಠರಾವು ಪಾಸಾದಾಗ ಚಪ್ಪಾಳೆ ಹೊಡೆದಿದ್ದೇನೆ. ಆ ದಿನ ಹುಣಸೆಮರದ ಕೆಳಗೆ ಕೂಗಿದಷ್ಟು ಜೋರಾಗಿ ಎಲ್ಲಿಯೂ ಕೂಗಿಲ್ಲ. ಎಂಟು ಪುಟ ಬರೆದವನೇ ಕೂಗಿದ್ದು, ಅದಕ್ಕೆ ವಿರುದ್ಧವಾಗಿ!

ಮರಳಿ ಗುಡ್ಡದ ಬುಡಕ್ಕೆ

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಗೌರವ್ವ ಸಂತೋಷದಿಂದ ಎದುರು ಬರುತ್ತಾಳೆಂದುಕೊಂಡಿದ್ದೆ. ಅವಳು ಗಂಡನ ಕೂಡ ಮಾತಾಡಲಿಲ್ಲ. ಊಟಕ್ಕೆ ಬಡಿಸಿದಳು, ತಾಟು ತೆಗೆದಳು. ಅವನು ಮಲಗಲು ಎದ್ದಾಗ ಒಂದೇ ಮಾತು:

"ಜಾಲಿ ಮುಳ್ಳು ಅಂದಿದ್ರಿ."

ಭರಮಪ್ಪ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ, ಆ ಸುಳ್ಳಿನಲ್ಲಿ ನನಗೂ ಪಾಲಿತ್ತು.

ಬೆಳಕು ಹರಿಯುವ ಹೊತ್ತಿಗೆ ಹೊಲದಿಂದ ಗೊರಗೊರ ಸದ್ದು. ಭರಮಪ್ಪ ಎದ್ದು ರೂಢಿಯಂತೆ ಗೋಡೆಯ ಕಡೆ ಕೈ ಚಾಚಿದ, ರುಮಾಲಿನ ಗಂಟು ಮುಟ್ಟಿ ಕೈ ಹಿಂದೆಗೆದ. ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟ. ಗೌರವ್ವ ಅಡಿಗೆಮನೆಯಿಂದ ಹಿತ್ತಾಳೆಯ ಪರಾತ ಮತ್ತು ಸೌಟು ತಂದಳು. ಬಂದೂಕು ಗೂಟದಲ್ಲೇ ಇತ್ತು, ಆದ್ದರಿಂದ ಹೊಸ್ತಿಲಿಗೆ ತಡೆಯಿರಲಿಲ್ಲ. ಗಂಡನನ್ನು ದಾಟಿಕೊಂಡು ಅವಳೇ ಮುಂದೆ ಹೊರಟಳು. ಅವನು ಅವಳ ಹಿಂದೆ ಓಡಿದ. ನಾನು ಇಬ್ಬರ ಹಿಂದೆ, ಸಾಕಷ್ಟು ಹಿಂದೆ.

ಗೆಣಸಿನ ಸಾಲಿನಲ್ಲಿ ಆ ಕರಡಿ ಮಣ್ಣು ಕೆದರುತ್ತಿತ್ತು. ಬೆನ್ನ ಮೇಲೆ ಎರಡು ಕಪ್ಪು ಉಂಡೆ. ಬದುವಿನ ಮೇಲೆ ನಿಂತು ಗೌರವ್ವ ಪರಾತ ಬಾರಿಸಿದಳು, ಗುಡ್ಡವೆಲ್ಲ ಗಣಗಣ ಎಂದಿತು. ಕರಡಿ ತಲೆ ಎತ್ತಿತು. ಭರಮಪ್ಪ ಹೆಂಡತಿಯ ಮುಂದೆ ಬಂದು ನಿಂತ. ಅವಳು ಅವನನ್ನು ಮೊಳಕೈಯಿಂದ ಬದಿಗೆ ನೂಕಿ, ಓಣಿಯ ಹೆಂಗಸಿಗೆ ಹೇಳುವಂತೆ ಕೂಗಿದಳು:

"ಏ ಬಾಣಂತಿ! ಬೇಕಾದಷ್ಟ ತಿಂದಿ, ಸಾಕು! ಮಕ್ಕಳನ್ನ ಕರಕೊಂಡ ಮನಿಗೆ ಹೋಗು!"

ಕರಡಿ ಒಂದು ಗಳಿಗೆ ಮೂಗು ಎತ್ತಿ ಗಾಳಿ ಹಿಡಿಯಿತು. ಆಮೇಲೆ ತಿರುಗಿ, ಮರಿಗಳು ಜಾರದಂತೆ ನಿಧಾನವಾಗಿ ಕಲ್ಲುಗಳ ನಡುವೆ ಏರಿಹೋಯಿತು. ಗೌರವ್ವ ಪರಾತ ಕೆಳಗಿಟ್ಟಳು. ಅವಳು ನಗುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಗಂಡನ ಕಡೆ ತಿರುಗಿ, ಹಿಂದಿನ ದಿನದಿಂದ ಬಿಟ್ಟಿದ್ದ ಮಾತನ್ನು ಮತ್ತೆ ಶುರುಮಾಡಿದಳು.

"ನಾಳಿಯಿಂದ ಹೊಲಾ ಕಾಯಾಕ ನಾನೂ ಬರ್ತೀನಿ. ನೀವು ಒಬ್ರ ಬರಬ್ಯಾಡ್ರಿ."

"ಬಾ" ಎಂದ ಭರಮಪ್ಪ.